ನೋಡದ ನಾಟಕಕ್ಕೆ ಕೂಗದ ಚಾಚಾ

ಅವರ ಮುಂದಿನ ಎರಡು ಹಲ್ಲುಗಳ ನಡುವೆ ಜೋಳದ ಕಾಳು ಸಿಕ್ಕಿಸುವಷ್ಟು ಸಂದಿತ್ತು. 'ಸ' ಅಕ್ಷರ ಬಂದಾಗಲೆಲ್ಲ ಅಲ್ಲಿಂದ ಸಣ್ಣದೊಂದು ಸೀಟಿ ಹೊರಡುತ್ತಿತ್ತು. ಎದುರಿಗೆ ಕೂತು ಮಾತಾಡುವಾಗ ಅದು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಮೈಕ್ ಹಿಡಿದರೆ ಮಾತ್ರ ಆಟೋದ ಮೇಲಿನ ಲೌಡ್‌ಸ್ಪೀಕರ್ ಹಾರ್ನುಗಳಿಂದ ಆ ಸೀಟಿ ಊರ ತುಂಬ ಹೋಗುತ್ತಿತ್ತು. "ಸಂಜೀ ಆರಕ್ಕ ಸರಿಯಾಗಿ, ಸಹಕುಟುಂಬ ಸಮೇತ" ಎನ್ನುವಷ್ಟರಲ್ಲಿ ಶಾಲೆಗೆ ಹೊರಟ ಹುಡುಗರು ಆಟೋದ ಹಿಂದೆ ಬಿದ್ದು ತಾವೂ ಸೀಟಿ ಹೊಡೆಯುತ್ತಿದ್ದರು. ಅವರು ಸಿಟ್ಟಾಗುತ್ತಿರಲಿಲ್ಲ. "ಹೊಡೀರಿ, ಹೊಡೀರಿ. ಮನ್ಯಾಗ ನಿಮ್ಮ ಅವ್ವಗೂ ಹೇಳ್ರಿ, ನಾಟಕಾ ಐತಿ ಅಂತ" ಎಂದು ಅದನ್ನೂ ಮೈಕಿನಲ್ಲೇ ಹೇಳಿ ಮುಂದಕ್ಕೆ ಹೋಗುತ್ತಿದ್ದರು.

ಇಂಡಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಊರಿಗೆಲ್ಲ ಮೈಕ್ ಚಾಚಾ, ನನಗೆ ಬರೀ ಚಾಚಾ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ಕಡೆ ಎಲ್ಲಿ ನಾಟಕ ಕಂಪನಿ ತಗಡಿನ ಥೇಟರ್ ಕಟ್ಟಿದರೂ ಪ್ರಚಾರಕ್ಕೆ ಅವರ ಆಟೋನೇ ಬರಬೇಕು. ಆಟ ಮುಗಿದ ಮರುದಿನ ಬೆಳಿಗ್ಗೆ ಅವರಿಗೆ ಇನ್ನೊಂದು ಕೆಲಸ. ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ಕೂತು ಫೋನಿನಲ್ಲಿ ಮಾತಾಡಿ ವಾಟ್ಸಾಪಿಗೆ ಬಿಡುವುದು. "ನಿನ್ನಿ ನಾಟಕದ ಸುದ್ದಿ ಕೇಳ್ರಿ" ಎಂದು ಶುರು ಮಾಡುತ್ತಿದ್ದರು. ಯಾರು ಚೆನ್ನಾಗಿ ಆಡಿದರು, ಯಾರು ಮಾತು ಮರೆತರು, ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರು ಯಾವ ಹಾಡಿಗೆ ಸ್ವರ ತಪ್ಪಿಸಿದರು, ಎಲ್ಲ ಅದರಲ್ಲಿ ಬರುತ್ತಿತ್ತು. ಆ ದನಿ ಕೈಯಿಂದ ಕೈಗೆ ದಾಟಿ ಮಧ್ಯಾಹ್ನದೊಳಗೆ ನಿಡಗುಂದಿಯ ಹೊಲಗಳವರೆಗೂ ಹೋಗುತ್ತಿತ್ತು. ಪತ್ರಿಕೆಯವರು ನಮ್ಮ ನಾಟಕಗಳ ಬಗ್ಗೆ ಬರೆಯುತ್ತಿರಲಿಲ್ಲ. ನಮ್ಮ ಬಗ್ಗೆ ಸುದ್ದಿ ಮಾಡಿದವರು ಅವರೊಬ್ಬರೇ.

ನಾನು ಮೊದಲು ಅವರನ್ನು ಕಂಡದ್ದು ನಮ್ಮ ಕಂಪನಿ ಇಂಡಿಯಲ್ಲಿ ಕ್ಯಾಂಪ್ ಹಾಕಿದ ವರ್ಷ. ನಾನು ಬಾಗೇವಾಡಿ ಕಡೆಯವಳು. ನನ್ನ ಅವ್ವ ಹಳ್ಳಿ ನಾಟಕಗಳಲ್ಲಿ ಪಾರ್ಟು ಮಾಡಿಯೇ ನನ್ನನ್ನು ಬೆಳೆಸಿದವಳು. ಅವಳ ಮಂಡಿ ಹಿಡಿದುಕೊಂಡ ಮೇಲೆ ನಾನು ಕಂಪನಿ ಸೇರಿದೆ. ಅವ್ವನೂ ನನ್ನ ಜೊತೆ ಥೇಟರಿನ ಹಿಂದಿನ ತಗಡಿನ ಖೋಲಿಯಲ್ಲೇ ಇದ್ದಳು. ನಾಟಕದ ಹೆಸರು 'ಸೊಸೆ ತಂದ ಕೀಲಿಕೈ'. ಸೊಸೆಯ ಪಾರ್ಟು ನನ್ನದು. ಬೆಳಿಗ್ಗೆ ರಿಹರ್ಸಲ್ ನಡೆದಾಗ ಬಿಳಿ ಟೋಪಿ ಹಾಕಿದ ಒಬ್ಬರು ಖಾಲಿ ಕುರ್ಚಿಗಳ ನಡುವೆ ಬಂದು ಕೂತರು. ಕಂಪನಿ ಮಾಲಕರಿಗೆ ಅದು ಹಿಡಿಸಲಿಲ್ಲ.

"ಕೂಗಾಕ ನಾಟಕಾ ನೋಡೂದ್ಯಾಕ್ರಿ ಚಾಚಾ? ಪಾಂಪ್ಲೆಟ್‌ನ್ಯಾಗ ಎಲ್ಲಾ ಬರದೈತೆಲ್ಲ?"

"ಸಾರಿಗೆ ಉಪ್ಪು ಹಾಕ್ಯಾರೋ ಇಲ್ಲೋ ಗೊತ್ತಿಲ್ಲದನ ಊರ ಮಂದೀನ ಹೆಂಗ ಊಟಕ್ಕ ಕರೀಲ್ರಿ ಮಾಲಕ್ರ? ನಾ ನೋಡದ ನಾಟಕಕ್ಕ ನಾ ಕೂಗಂಗಿಲ್ಲ."

ಈ ನಿಯಮಕ್ಕೆ ಒಂದು ಕಾರಣವಿತ್ತು. ಅದನ್ನು ಅವರೇ ಮುಂದೊಮ್ಮೆ ನನಗೆ ಹೇಳಿದರು. ಹಿಂದೆ ಸಿಂದಗಿಯಲ್ಲಿ ಯಾರದೋ ಮಾತು ನಂಬಿ, ನೋಡದೆಯೇ ಒಂದು ನಾಟಕವನ್ನು ಹೊಗಳಿ ಕೂಗಿದ್ದರಂತೆ. ದೇವಣಗಾಂವದ ರೈತನೊಬ್ಬ ಹೆಂಡತಿ, ಮದುವೆಯಾಗಬೇಕಾದ ಮಗಳು, ಇಬ್ಬರನ್ನೂ ಕರೆದುಕೊಂಡು ಟೆಂಪೋ ಹತ್ತಿ ಬಂದಿದ್ದ. ನಾಟಕದ ಹೊಲಸು ಮಾತು ಕೇಳಲಾಗದೆ ಅರ್ಧಕ್ಕೇ ಮೂವರೂ ತಲೆ ತಗ್ಗಿಸಿ ಎದ್ದು ಹೊರಗೆ ಬಂದರು. ಬಾಗಿಲಲ್ಲಿ ನಿಂತಿದ್ದ ಚಾಚಾರನ್ನು ನೋಡಿ ಆ ರೈತ ಬೈಯಲಿಲ್ಲ. "ನಿನ್ನ ದನಿ ನಂಬಿ ಬಂದಿದ್ವೆಪ್ಪಾ" ಎಂದಷ್ಟೇ ಹೇಳಿ ಹೋದ. "ಬೈದಿದ್ರ ಮರೀತಿದ್ನಿ ಬೇಟಾ" ಎಂದಿದ್ದರು ಚಾಚಾ.

ಅವತ್ತು ರಿಹರ್ಸಲ್ ಮುಗಿದ ಮೇಲೆ ನನ್ನ ಹತ್ತಿರ ಬಂದರು. ಹೊಗಳುತ್ತಾರೆ ಎಂದುಕೊಂಡೆ. "ಅಳೂದು ಛಲೋ ಅಳತಿ ಬೇಟಾ. ಖರೆ ನಿನ್ನ ಮಾತು ಅಳುವಿನ್ಯಾಗ ಮುಳುಗಿ ಹೋಗತಾವ. ಮೊದಲ ಮಾತು ಮುಗಸು, ಆಮ್ಯಾಲ ಅಳು" ಎಂದರು. ನನಗೆ ಮುಖಕ್ಕೆ ನೀರು ಹೊಡೆದಂತಾಯಿತು. ಮಧ್ಯಾಹ್ನ ಆಟೋ ಹೊರಟಿತು. "ಮೊದಲನೇ ಅಂಕಾ ಸ್ವಲ್ಪ ಎಳದಾರ, ಎದ್ದು ಹೋಗಬ್ಯಾಡ್ರಿ. ಎರಡನೇ ಅಂಕದಾಗ ಸೊಸಿ ಕೀಲಿಕೈ ಕೇಳೂದು ನೋಡಲಿಲ್ಲಂದ್ರ ನಿಮಗ ನಷ್ಟ!" ಮಾಲಕರು ಹಣೆ ಹಣೆ ಬಡಿದುಕೊಂಡರು. ಪ್ರಚಾರದಲ್ಲೇ ನಾಟಕದ ಕೊರತೆ ಹೇಳುವ ಮನುಷ್ಯನನ್ನು ಅವರು ಎಲ್ಲಿಯೂ ಕಂಡಿರಲಿಲ್ಲ. ಆದರೆ ಸಂಜೆ ಥೇಟರ್ ತುಂಬಿತ್ತು. ಹೆಂಗಸರ ಬದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಲಿಂಬೆ ಮಾರುಕಟ್ಟೆಯಲ್ಲಿ ಕಾಯಿ ಆರಿಸುವ ಹೆಂಗಸರು ಅಲ್ಲಿಂದಲೇ ನೇರವಾಗಿ ಬಂದು ಕೂತಿದ್ದರು.

ಕೆಲವು ವಾರ ಹೀಗೇ ಚೆನ್ನಾಗಿ ನಡೆಯಿತು. ಆಮೇಲೆ ಹೊಸ ಹಾಸ್ಯನಟ ಬಂದ. ಅವನ ವಿಡಿಯೋ ತುಣುಕುಗಳು ಫೋನಿನಲ್ಲಿ ಓಡಾಡುತ್ತಿದ್ದವು. ಅವನಿಂದ ಹುಡುಗರು ಬರುತ್ತಾರೆ ಎಂದು ಮಾಲಕರು ಅವನಿಗೆ ಲಗಾಮು ಬಿಟ್ಟರು. ನಮ್ಮ ನಾಟಕದಲ್ಲಿ ಅವನದು ಮನೆಯಾಳಿನ ಪಾರ್ಟು. ಅತ್ತೆ ಮುಚ್ಚಿಟ್ಟ ಕೋಣೆಯ ಕೀಲಿಕೈ ಅವನ ಹತ್ತಿರ ಇರುತ್ತದೆ. ಸೊಸೆ ಬಂದು "ಕೀಲಿಕೈ ಕೊಡು, ಈ ಮನೀ ಬಾಗಲಾ ನಾ ತಗೀಬೇಕು" ಎಂದು ಕೇಳುತ್ತಾಳೆ. ಅವನು ಹೆದರಿ ಕೊಡುತ್ತಾನೆ. ಬರೆದದ್ದು ಇಷ್ಟೇ. ಅವನು ಅದರಲ್ಲಿ ತನ್ನ ಮಾತು ತುಂಬಲು ಶುರುಮಾಡಿದ. ಕೀಲಿಕೈ ಎಲ್ಲಿದೆ, ಅದನ್ನು ಎಲ್ಲಿ ಸಿಕ್ಕಿಸಿಕೊಳ್ಳುತ್ತೀ, ಯಾವ ಬಾಗಿಲಿಗೆ ಎಂದು ದಿನಕ್ಕೊಂದು ಹೊಲಸು. ಮುಂದಿನ ಸಾಲಿನ ಹುಡುಗರು ಫೋನ್ ಎತ್ತಿ ಹಿಡಿಯುತ್ತಿದ್ದರು. ನಾನು ಅವರ ಪರದೆಗಳ ಬೆಳಕಿನಲ್ಲಿ ಸುಮ್ಮನೆ ನಿಂತಿರುತ್ತಿದ್ದೆ. ಹೆಂಗಸರ ಬದಿ ತೆಳ್ಳಗಾಗುತ್ತ ಬಂತು.

ಮಾಲಕರಿಗೆ ಹೇಳಿದೆ. "ಎರಡು ನಿಮಿಷ ಹಲ್ಲು ಕಚ್ಚಿ ನಿಂದ್ರವಾ" ಎಂದರು. "ಆ ಎರಡು ನಿಮಿಷದ ಮ್ಯಾಲ ಇಲ್ಲಿ ಎಲ್ಲಾರ ಹೊಟ್ಟಿ ನಡದೈತಿ. ನಿಮ್ಮವ್ವಂದೂ ಸೇರಿ."

ಒಂದು ಸಂಜೆ ಚಾಚಾ ಆಟ ನೋಡಲು ಬಂದರು. ಆ ದೃಶ್ಯ ಮುಗಿಯುವುದರೊಳಗೆ ಎದ್ದು ಹೋದರು. ಮರುದಿನ ಬೆಳಿಗ್ಗೆ ನಾನು ಥೇಟರಿನ ಹಿಂದೆ ಸೀರೆ ಹಿಂಡುತ್ತಿದ್ದೆ. ಆಟೋದ ದನಿ ಕೇಳಿಸಿತು. "ಇಂಡಿ ಊರಿನ ಮಹಾಜನರ, ನಾ ಕೂಗಿ ಕರದ ನಾಟಕಾ ಈಗ ಉಳದಿಲ್ಲ. ಹೆಣ್ಣಮಕ್ಕಳನ್ನ, ಸಣ್ಣ ಹುಡುಗರನ್ನ ಕರಕೊಂಡು ಬರಬ್ಯಾಡ್ರಿ. ಇದು ಮನಿ ಮಂದಿ ನೋಡೂ ನಾಟಕಲ್ಲ."

ಕ್ಯಾಂಪಿನಲ್ಲಿ ಬೆಂಕಿ ಬಿದ್ದಂತಾಯಿತು. ಮಾಲಕರು ಫೋನ್ ಹಿಡಿದು ಯಾರ ಯಾರಿಗೋ ಕೂಗಾಡಿದರು. ಹಾಸ್ಯನಟ "ಆ ಆಟೋ ಊರಾಗ ತಿರುಗದಂಗ ಮಾಡ್ತೇನಿ" ಎಂದ. ನನಗೆ ಒಳಗೊಳಗೆ ಸಂತೋಷವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಕಾಯಿಪಲ್ಲೆ ತರಲು ಪೇಟೆಗೆ ಹೋದಾಗ ಆ ಸಂತೋಷ ಆರಿಹೋಯಿತು. ದಿನವೂ ಕೇಳದೆಯೇ ಕೊತ್ತಂಬರಿ ಹಾಕುತ್ತಿದ್ದ ಹೆಂಗಸು ನನ್ನ ಕಡೆ ನೋಡಲಿಲ್ಲ. ಪಾನ್ ಅಂಗಡಿಯ ಮುಂದೆ ಒಬ್ಬ "ಕೀಲಿಕೈ ತಂದಿಯೇನ?" ಎಂದ. ಉಳಿದವರು ನಕ್ಕರು. ಚೀಲ ಖಾಲಿ ಹಿಡಿದೇ ವಾಪಸು ಹೊರಟವಳು ಕ್ಯಾಂಪಿಗೆ ಹೋಗಲಿಲ್ಲ. ದಾರಿ ಕೇಳಿಕೊಂಡು ಚಾಚಾ ಅವರ ಮನೆಗೆ ಹೋದೆ.

ಅವರು ಅಂಗಳದಲ್ಲಿ ಕೂತು ಮೈಕಿನ ವಾಯರ್ ಸುತ್ತುತ್ತಿದ್ದರು. ಒಳಗೆ ಅವರ ಹೆಂಡತಿ, ಚಾಚಿ, ರೊಟ್ಟಿ ಬಡಿಯುತ್ತಿದ್ದರು.

"ನಾಟಕಾ ಹೊಲಸು ಅಂದ್ರಿ" ಎಂದೆ. ನಿಂತೇ ಇದ್ದೆ. "ಖರೆ ಐತ್ರಿ. ಆ ಹೊಲಸಿನ್ಯಾಗ ನಿಂತಾಕಿ ಯಾರ್ರಿ ಚಾಚಾ? ಮನಿ ಮಂದಿ ನೋಡಬಾರದ ನಾಟಕದಾಗ ಪಾರ್ಟ್ ಮಾಡಾಕಿ ಎಂಥಾಕಿ ಅಂತ ಊರು ಕೇಳಾಕತ್ತೈತಿ. ಅವಂಗ ಸೀಟಿ ಸಿಕ್ಕಾವು, ನಿಮಗ ಖರೆ ಹೇಳಿದ ಪುಣ್ಯ ಸಿಕ್ಕೈತಿ. ನನಗ ಏನ್ ಸಿಕ್ತು?"

ರೊಟ್ಟಿಯ ಸಪ್ಪಳ ನಿಂತಿತು. ಚಾಚಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು.

"ಹುಡುಗಿ ಹೇಳೂದು ಬರೋಬ್ಬರಿ ಐತಿ. ನೀವು ಹೊಲಸು ಅಂತ ಬೆರಳು ಮಾಡಿ ತೋರಿಸಿದ್ರಿ. ಆ ಬೆರಳು ಮೊದಲ ತಾಗಿದ್ದು ಈಕಿಗೆ."

ಅವರ ಕೈಯಲ್ಲಿದ್ದ ವಾಯರ್ ಮತ್ತೆ ಬಿಚ್ಚಿ ನೆಲಕ್ಕೆ ಬಿತ್ತು. ನಿಮ್ಮದು ತಪ್ಪು ಎಂದಾಗ ದೊಡ್ಡ ಮನುಷ್ಯರು ಸಿಟ್ಟಾಗುವುದನ್ನು ನೋಡಿದ್ದೇನೆ, ನಕ್ಕು ಹಾರಿಸುವುದನ್ನು ನೋಡಿದ್ದೇನೆ. ಚಾಚಾ ಅವರ ಮುಖ ಒಮ್ಮೆಲೇ ಮುದಿಯಾಯಿತು.

"ನಾ ಇದನ್ನ ವಿಚಾರ ಮಾಡಲಿಲ್ಲ ಬೇಟಾ" ಎಂದರು. ಬಿದ್ದ ವಾಯರ್ ಎತ್ತಿಕೊಳ್ಳುತ್ತ ಕೇಳಿದರು: "ಇವತ್ತ ಸಂಜೀಕ ನಾಟಕದಾಗ ಬರದದ್ದಷ್ಟ ನೀ ಆಡ್ತಿಯೇನು? ಅವ ಏನರ ಅನ್ಲಿ. ನೀ ಬರದದ್ದ ಬಿಟ್ಟು ಕದಲಬಾರ್ದು."

"ಆಡ್ತೇನ್ರಿ. ಕೇಳಾವ್ರು ಯಾರು?"

"ಕೇಳಾವ್ರನ್ನ ನಾ ಕರ್ಕೊಂಡು ಬರ್ತೇನಿ."

"ನಾನೂ ಬರ್ತೇನಿ" ಎಂದರು ಚಾಚಿ. ಗಂಡ ಇಷ್ಟು ವರ್ಷ ಊರೂರಿಗೆ ನಾಟಕ ಕೂಗಿದ್ದರೂ ಅವರು ಒಂದು ದಿನವೂ ಥೇಟರಿಗೆ ಬಂದವರಲ್ಲ.

ಮಧ್ಯಾಹ್ನದ ಬಿಸಿಲಲ್ಲಿ ಆಟೋ ಮತ್ತೆ ಹೊರಟಿತು. ಬೆಳಿಗ್ಗೆ ಎಲ್ಲೆಲ್ಲಿ ನಿಂತಿದ್ದರೋ ಅಲ್ಲೇ ನಿಂತು ಕೂಗಿದರು. "ಮುಂಜಾನಿ ನಾ ಆಡಿದ್ರಾಗ ಅರ್ಧಾ ತಪ್ಪಿತ್ತು. ಬರದ ನಾಟಕಾ ಛಲೋ ಐತಿ. ಸೊಸಿ ಪಾರ್ಟ್ ಮಾಡಾಕಿ ಮರ್ಯಾದಸ್ತ ಹೆಣ್ಣಮಗಳು. ಆಕಿ ಬಾಯಾಗ ಒಂದು ಹೊಲಸು ಮಾತಿಲ್ಲ. ಇವತ್ತ ಆಕಿ ಬರದದ್ದ ಆಡ್ತಾಳ. ಅವ್ವಾರ, ಅಕ್ಕಾರ, ಬಂದು ಕೂಡ್ರಿ. ನನ್ನ ಮನ್ಯಾಕಿನೂ ಬರ್ತಾಳ." ಪಾನ್ ಅಂಗಡಿಯ ಮುಂದೆ ಹುಡುಗರು ಆಟೋ ಅಡ್ಡಗಟ್ಟಿ ಮೈಕಿನ ವಾಯರ್ ಕಿತ್ತರಂತೆ. ಒಬ್ಬ ಕಾಲರ್ ಹಿಡಿದನಂತೆ. ಚಾಚಾ ಅವನ ಕೈ ಬಿಡಿಸಿಕೊಂಡು ಕೆಳಗಿಳಿದು, ಮೈಕಿಲ್ಲದೆ ಬರಿ ಬಾಯಲ್ಲೇ ಕೂಗುತ್ತ ಲಿಂಬೆ ಮಾರುಕಟ್ಟೆಯ ತನಕ ನಡೆದುಕೊಂಡು ಹೋದರಂತೆ. ಇದನ್ನು ನನಗೆ ಆಮೇಲೆ ಆ ಹೆಂಗಸರೇ ಹೇಳಿದರು.

ಸಂಜೆ ಬಣ್ಣ ಹಚ್ಚಿಕೊಳ್ಳುವಾಗ ಕಾಡಿಗೆ ಕಣ್ಣಿನಿಂದ ಆಚೆ ಹೋಯಿತು. ಹಾಸ್ಯನಟ ಕನ್ನಡಿಯಲ್ಲೇ ನನ್ನನ್ನು ನೋಡಿ "ಇವತ್ತ ನಿಮ್ಮ ಚಾಚಾಗ ಒಂದು ಸ್ಪೆಷಲ್ ತೋರಸೋಣು ಬಾ" ಎಂದ. ಮಾಲಕರು ನನ್ನ ಹತ್ತಿರ ಬಂದು, "ಗದ್ದಲ ಆತಂದ್ರ ನೀನ ಹೊಣಿ" ಎಂದು ಹೋದರು. ಅವ್ವ ಮಂಡಿ ಹಿಡಿದುಕೊಂಡು ಪರದೆಯ ಪಕ್ಕ ಬಂದು ಕೂತಳು.

ಪರದೆಯ ಸಂದಿನಿಂದ ನೋಡಿದೆ. ಒಂದು ಬದಿಗೆ ಹುಡುಗರು, ಆಗಲೇ ಫೋನ್ ತೆಗೆದಿದ್ದರು. ಇನ್ನೊಂದು ಬದಿಗೆ ಹೆಂಗಸರು. ಬುರ್ಖಾದವರು, ತಲೆ ಮೇಲೆ ಸೆರಗು ಹೊದ್ದವರು, ಮಾರುಕಟ್ಟೆಯವರು, ಎಲ್ಲರೂ ಒತ್ತೊತ್ತಾಗಿ ಕೂತಿದ್ದರು. ಮುಂದಿನ ಸಾಲಿನ ತುದಿಗೆ ಚಾಚಾ, ಪಕ್ಕದಲ್ಲಿ ಚಾಚಿ. ಚಾಚಾ ಅವರ ಅಂಗಿಯ ಕಾಲರ್ ಹರಿದಿತ್ತು.

ಎರಡನೇ ಅಂಕ ಬಂತು. ನಾನು ಹೋಗಿ ನಿಂತು ಹೇಳಿದೆ: "ಕೀಲಿಕೈ ಕೊಡು. ಈ ಮನೀ ಬಾಗಲಾ ನಾ ತಗೀಬೇಕು."

ಅವನು ತನ್ನ ಮಾತು ಶುರು ಮಾಡಿದ. ಸೀಟಿಗಳು ಎದ್ದವು. ಬೇರೆ ದಿನ ನಾನು ತಲೆ ತಗ್ಗಿಸಿ ಕಾಯುತ್ತಿದ್ದೆ. ಅವತ್ತು ಅವನ ಕಣ್ಣಿಗೆ ಕಣ್ಣು ಕೊಟ್ಟು ಅದೇ ಮಾತು ಮತ್ತೆ ಹೇಳಿದೆ. "ಕೀಲಿಕೈ ಕೊಡು. ಈ ಮನೀ ಬಾಗಲಾ ನಾ ತಗೀಬೇಕು." ಅವನು ಇನ್ನಷ್ಟು ಹೊಲಸಾದ. ನಾನು ಮತ್ತೆ ಅದನ್ನೇ ಹೇಳಿದೆ. ಅವನು ನನ್ನ ಸೊಂಟದ ಹತ್ತಿರ ಕೈ ತಂದ. ನಾನು ಹಿಂದೆ ಸರಿಯಲಿಲ್ಲ. ಎಲ್ಲಿಂದಲೋ ಒಂದು ನೀರಿನ ಬಾಟಲಿ ಹಾರಿ ಬಂದು ನನ್ನ ಭುಜಕ್ಕೆ ಬಡಿದು ಉರುಳಿತು. ಚಾಚಾ ಕುರ್ಚಿಯಿಂದ ಅರ್ಧ ಎದ್ದಿದ್ದರು. ಚಾಚಿ ಅವರ ತೋಳು ಹಿಡಿದು ಕೆಳಗೆ ಎಳೆದು ಕೂಡಿಸಿದರು. "ಆಕಿ ಮಾತು ಆಕಿನ ಆಡ್ಲಿ" ಎಂದಿದ್ದರಂತೆ.

ಆ ಸಲ ಮಾತು ಮೆಲ್ಲಗೆ ಬಂತು. "ಕೀಲಿಕೈ ಕೊಡು."

ಆಗ ಹೆಂಗಸರ ಬದಿಯಿಂದ ಒಂದು ಮುದುಕಿಯ ದನಿ ಎದ್ದಿತು. "ಏ, ಕೊಡೋ ಕೀಲಿಕೈ! ಎಷ್ಟೊತ್ತ ಕೇಳಬೇಕೋ ಆಕಿ?"

ಯಾರೋ ಕಿಸಕ್ಕನೆ ನಕ್ಕರು. ಅದು ಬೇರೆ ಥರದ ನಗು. ಇನ್ನೊಬ್ಬಳು "ಕೊಡೋ!" ಎಂದಳು. ಮತ್ತೊಬ್ಬಳು. ಆಮೇಲೆ ಆ ಇಡೀ ಬದಿ, ಅದರ ಹಿಂದೆ ನಿಂತ ಗಂಡಸರು, ಚಹಾ ಮಾರುವವನೂ ಸೇರಿ, "ಕೊಡೋ, ಕೊಡೋ" ಎಂದು ತಗಡು ನಡುಗುವಂತೆ ಕೂಗಿದರು. ಹಾಸ್ಯನಟ ಅತ್ತ ನೋಡಿದ, ಇತ್ತ ನೋಡಿದ. ಕಿಸೆಯಿಂದ ಕೀಲಿಕೈ ತೆಗೆದು ಸ್ಟೇಜಿನ ಮೇಲೆ ಒಗೆದು ಒಳಗೆ ಹೋದ. ನಾನು ಅದನ್ನು ಎತ್ತಿಕೊಂಡು ಬಾಗಿಲ ಕಡೆ ನಡೆದೆ. ಬಾಗಿಲು ಬಣ್ಣ ಬಳಿದ ಬಟ್ಟೆಯದು, ಕೀಲಿಕೈಗೆ ತೂತೂ ಇರಲಿಲ್ಲ. ಆದರೆ ಅದು ತೆರೆದಾಗ ಬಿದ್ದಷ್ಟು ಚಪ್ಪಾಳೆ ನನಗೆ ಅದರ ಮೊದಲೂ ಬಿದ್ದಿರಲಿಲ್ಲ, ಆಮೇಲೂ ಬಿದ್ದಿಲ್ಲ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಹೇಳುವಂತಿದ್ದರೆ ಚೆನ್ನಾಗಿತ್ತು. ಮರುದಿನ ಬೆಳಿಗ್ಗೆ ಚಾಚಾ ಅವರ ಆಟೋದ ಹಾರ್ನುಗಳು ಜಜ್ಜಿ ಬಿದ್ದಿದ್ದವು. ಯಾರು ಮಾಡಿದರೆಂದು ತಿಳಿಯಲಿಲ್ಲ. ಹಾಸ್ಯನಟ ಬೇರೆ ಕಂಪನಿಗೆ ಹೋದ, ಅವನ ಹಿಂದೆ ಹುಡುಗರೂ ಹೋದರು. ಮನೆ ಮಂದಿ ಬಂದರು, ಆದರೆ ಅಷ್ಟು ದೊಡ್ಡ ಥೇಟರ್ ತುಂಬಿಸುವಷ್ಟು ಅಲ್ಲ. ಮಾಲಕರು ಕ್ಯಾಂಪ್ ಬೇಗ ಎತ್ತಿದರು. ಹೊರಡುವ ದಿನ ನನಗೆ "ನೀ ಬ್ಯಾರೆ ದಾರಿ ನೋಡ್ಕೋ" ಎಂದರು. ತಗಡು ಬಿಚ್ಚುವ ಸಪ್ಪಳದ ನಡುವೆ ನಾನೂ ಅವ್ವನೂ ಗಂಟು ಕಟ್ಟಿಕೊಂಡು ಕೂತಿದ್ದೆವು. ಆ ಆಟದ ಬಗ್ಗೆ ಚಾಚಾ ಬಿಟ್ಟ 'ನಿನ್ನಿ ನಾಟಕದ ಸುದ್ದಿ' ಮಾತ್ರ ನನ್ನ ಫೋನಿನಲ್ಲಿತ್ತು. "ಸೊಸಿ ಪಾರ್ಟ್ ಮಾಡಿದಾಕಿ ಬರದದ್ದ ಆಡಿದ್ಲು. ಇಂಡಿ ಊರಿನ ಹೆಣ್ಣಮಕ್ಕಳೂ ಛಲೋ ಪಾರ್ಟ್ ಮಾಡಿದ್ರು. ಮೂರನೇ ಅಂಕದಾಗ ಆಕಿ ದನಿ ಬಿದ್ದಿತ್ತು. ನೀರು ಕುಡದು ಬರಬೇಕಿತ್ತು." ಅಂಥ ದಿನವೂ ಅವರು ಅದನ್ನು ಬಿಡಲಿಲ್ಲ. ಗಂಟಿನ ಮೇಲೆ ಕೂತು ಅದನ್ನು ಕೇಳಿ ನಾನೂ ಅವ್ವನೂ ನಕ್ಕೆವು.

ಅದೇ ಸುದ್ದಿ ಮುದ್ದೇಬಿಹಾಳದವರೆಗೆ ಹೋಗಿತ್ತು. ಅಲ್ಲಿಯ ಒಂದು ಹಳ್ಳಿಯವರು "ಬರದದ್ದ ಆಡಾಕಿ ಬೇಕು" ಎಂದು ಚಾಚಾಗೆ ಫೋನ್ ಮಾಡಿದರು. ಹಾಗೆ ಶುರುವಾಯಿತು. ಒಬ್ಬಿಬ್ಬರು ಸೇರಿ, ಬಾಗೇವಾಡಿಯಲ್ಲಿ ನಮ್ಮದೇ ಸಣ್ಣ ತಂಡವಾಯಿತು. ತಗಡಿಲ್ಲ, ಥೇಟರಿಲ್ಲ. ಸಮುದಾಯ ಭವನ, ಶಾಲೆಯ ಅಂಗಳ, ಎಲ್ಲಿ ಕರೆದರೆ ಅಲ್ಲಿ ಆಡಿದೆವು. ಪ್ರತಿ ನಾಟಕಕ್ಕೂ ಚಾಚಾ ಮೊದಲು ಬಂದು ನೋಡುತ್ತಿದ್ದರು. ಒಂದು ನಾಟಕವನ್ನು ನೋಡಿ "ಇದು ಇನ್ನಾ ಹಸಿ ಐತಿ, ನಾ ಕೂಗಂಗಿಲ್ಲ" ಎಂದು ಎದ್ದೇ ಹೋದರು. ನನಗೆ ಅಳು ಬಂದಿತ್ತು. ಮತ್ತೆ ಕೂತು ತಿದ್ದಿದೆವು. ಅವರು ಮತ್ತೆ ಬಂದರು.

ಆ ಗಲಾಟೆಯ ಬಗ್ಗೆ ಅವರು ಯಾರ ಮುಂದೆಯೂ ದೊಡ್ಡಸ್ತಿಕೆ ಹೇಳಿಕೊಂಡದ್ದು ನಾನು ಕೇಳಿಲ್ಲ. ಯಾರಾದರೂ ಎತ್ತಿದರೆ, "ಮುಂಜಾನಿ ಒಂದು ತಪ್ಪು ಮಾಡಿದ್ನಿ, ಮಧ್ಯಾಹ್ನ ತಿದ್ದಿಕೊಂಡ್ನಿ" ಎಂದು ಮುಗಿಸುತ್ತಿದ್ದರು.

ಈ ವರ್ಷ ಮುದ್ದೇಬಿಹಾಳದಲ್ಲಿ ಪ್ರಚಾರ ಮುಗಿಸಿ ಬರುವಾಗ ದಾರಿಯಲ್ಲಿ ಎದೆ ಹಿಡಿದುಕೊಂಡಿತು. ಆಟೋ ಬದಿಗೆ ನಿಲ್ಲಿಸಿ, ಇಂಜಿನ್ ಆರಿಸಿ, ಒರಗಿ ಕೂತಿದ್ದರಂತೆ. ಯಾರೋ ನೋಡಿ ದವಾಖಾನೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ನಾನು ಇಂಡಿ ಮುಟ್ಟಿದಾಗ ಗಂಡಸರು ಅವರನ್ನು ಕಬರಸ್ತಾನಕ್ಕೆ ಒಯ್ದಾಗಿತ್ತು. ಹೆಂಗಸರು ಮನೆಯಲ್ಲೇ ಉಳಿದಿದ್ದರು. ಚಾಚಿಯ ಪಕ್ಕ ಕೂತೆ. ಲಿಂಬೆ ಮಾರುಕಟ್ಟೆಯ ಹೆಂಗಸರು ಬಾಗಿಲಲ್ಲಿ ನಿಂತಿದ್ದರು.

ನಮ್ಮ ತಂಡದ ಹೊಸ ನಾಟಕದ ಹೊತ್ತಿಗೆ ಕೂಗುವವರಿಲ್ಲ ಎಂಬುದು ಮೈಗೆ ತಾಗಿತು. ತಂಡದವನೊಬ್ಬ, ಚಾಚಾ ಹಿಂದೆ ಕೂಗಿದ್ದು ಫೋನಿನಲ್ಲಿದೆ, ನಾಟಕದ ಹೆಸರು ಮಾತ್ರ ಬೇರೆ ಸೇರಿಸಿ ಬಿಡೋಣ ಎಂದ. ಬೇಡ ಎಂದೆ. ಈ ನಾಟಕವನ್ನು ಅವರು ನೋಡಿಲ್ಲ. ಮೈಕ್ ನಾನೇ ಹಿಡಿದೆ.

ಪ್ರಚಾರಕ್ಕೆ ಹೊರಡುವ ಮುನ್ನ ಚಾಚಿಯನ್ನು ನೋಡಲು ಹೋದೆ. ಅವರು ಇದ್ದತ್ ಕೂತಿದ್ದರು. ಗಂಡ ತೀರಿದ ಮೇಲೆ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ನನ್ನನ್ನು ನೋಡಿ ಅವರು ಅಳಲಿಲ್ಲ. ನೀರು ಕೊಟ್ಟರು. ಅವ್ವನ ಮಂಡಿ ಹೇಗಿದೆ ಎಂದು ಕೇಳಿದರು. ಆಮೇಲೆ ಕೇಳಿದರು:

"ಹೊಸಾ ನಾಟಕಾ ಎಲ್ಲೈತಿ?"

"ದೇವಣಗಾಂವದಾಗ ಐತ್ರಿ, ಚಾಚಿ."

"ನನಗ ಬರಾಕ ಆಗಂಗಿಲ್ಲೆಲ್ಲ." ಬಾಗಿಲ ಕಡೆ ನೋಡಿದರು. ಎದ್ದು ಹೋಗಿ ಅದನ್ನು ಮುಚ್ಚಿ ಬಂದು ಮಂಚದ ಮೇಲೆ ಕೂತರು. "ಇಲ್ಲೇ ಆಡಿ ತೋರಸು."

ಆ ಸಣ್ಣ ಖೋಲಿಯಲ್ಲಿ, ಅವರೊಬ್ಬರಿಗಾಗಿ, ನಾನು ಎಲ್ಲ ಪಾರ್ಟುಗಳನ್ನೂ ಆಡಿದೆ. ಗೌಡನಾದೆ, ಗೌಡನ ತಾಯಿಯಾದೆ, ಟೆಂಪೋ ಡ್ರೈವರ್ ಆದೆ. ಚಾಚಿ ಕೆನ್ನೆಗೆ ಕೈ ಹಚ್ಚಿ ನೋಡುತ್ತಿದ್ದರು. ಡ್ರೈವರ್ ತನ್ನ ಹೆಂಡತಿಗೆ ಹೆದರಿ ಟೆಂಪೋದ ಕೆಳಗೆ ಹೊಕ್ಕು, ಅಲ್ಲಿಂದಲೇ ಉತ್ತರ ಕೊಡುವ ಜಾಗ ಬಂತು. ನಾನು ಮಂಚದ ಕೆಳಗೆ ಹೊಕ್ಕು ಮಾತಾಡಿದೆ. ಮೇಲಿನಿಂದ ಗಟ್ಟಿಯಾಗಿ ನಗು ಕೇಳಿಸಿತು. ಕೇಳಿದ್ದೇ ತಡ, ನಿಂತೂಹೋಯಿತು. ಹೊರಗೆ ತಲೆ ಹಾಕಿ ನೋಡಿದೆ. ಚಾಚಿ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಕಣ್ಣಲ್ಲಿ ನೀರಿತ್ತು, ಹೆದರಿಕೆಯೂ ಇತ್ತು.

"ಇದ್ದತ್‌ನ್ಯಾಗ ನಗಬಹುದೇನವಾ ನಾ?" ಎಂದರು.

ನಾನು ಮಂಚದ ಕೆಳಗಿನಿಂದ ಹೊರಗೆ ಬಂದು ನಿಂತೆ. ಡ್ರೈವರನ ಹೆಂಡತಿಯ ದನಿ ಮಾಡಿ ಅವನಿಗೆ ಮುಂದಿನ ಮಾತು ಹೇಳಿದೆ.